ಡಯಾಬ್ಲೊ ಬೆಟ್ಟದ ರಿಪೀಟರು: ಕೈ ರೇಡಿಯೋ ಹಿಡಿದವಳ ರಿವ್ಯೂ

ಮೊದಲೇ ಹೇಳಿಬಿಡುತ್ತೇನೆ. ಹವ್ಯಾಸಿ ರೇಡಿಯೋದವರ ಮಾತನ್ನು ಬೆಟ್ಟದ ತುದಿಯಿಂದ ದೂರಕ್ಕೆ ದಾಟಿಸುವ ಈ ಯಂತ್ರ, ರಿಪೀಟರು, ಚೆನ್ನಾಗಿದೆ. ಇದನ್ನು ಬಳಸುವಾಗ ನನಗಾದ ಮುಕ್ಕಾಲು ತೊಂದರೆ ಬೆಟ್ಟದ ಮೇಲಿನದ್ದಲ್ಲ, ಬೆಟ್ಟದ ಕೆಳಗಿನದ್ದು. ನನ್ನ ಕೈಯಲ್ಲಿರುವ ಪುಟ್ಟ ರೇಡಿಯೋ, ಅದರ ತಲೆ ಮೇಲಿನ ಮೋಟು ಆಂಟೆನಾ, ನಾನು ಕೂತಿರುವ ಮನೆ. ಈ ಮೂರನ್ನು ಸರಿ ಮಾಡಿಕೊಂಡವರಿಗೆ ಇದಕ್ಕಿಂತ ಒಳ್ಳೆಯ ಬಿಟ್ಟಿ ಸೇವೆ ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿ ನಾನಂತೂ ಕಂಡಿಲ್ಲ. ಸರಿ ಮಾಡಿಕೊಳ್ಳದೆ "ಇದು ಕೆಲಸ ಮಾಡಲ್ಲ" ಅಂತ ರೇಡಿಯೋವನ್ನು ಡ್ರಾಯರಿಗೆ ಹಾಕಿದ ಕನ್ನಡದವರೇ ನನಗೆ ನಾಲ್ಕಾರು ಜನ ಗೊತ್ತು. ಅವರಿಗಾಗಿಯೇ ಇಷ್ಟುದ್ದ ಬರೆಯುತ್ತಿದ್ದೇನೆ.

ಗೊತ್ತಿಲ್ಲದವರಿಗೆ ಎರಡು ಮಾತು. ಸ್ಯಾನ್ ಫ್ರಾನ್ಸಿಸ್ಕೋದಿಂದ ಪೂರ್ವಕ್ಕೆ ನೋಡಿದರೆ ಒಂಟಿಯಾಗಿ ಎದ್ದು ನಿಂತ ಬೆಟ್ಟ ಕಾಣುತ್ತದಲ್ಲ, ಅದು ಮೌಂಟ್ ಡಯಾಬ್ಲೊ. ಎತ್ತರ 1,173 ಮೀಟರ್. ನಮ್ಮ ಮುಳ್ಳಯ್ಯನಗಿರಿ 1,930. ಹಾಗೆ ನೋಡಿದರೆ ಇದೇನು ಮಹಾ ಬೆಟ್ಟವಲ್ಲ. ಆದರೆ ಅಕ್ಕಪಕ್ಕದಲ್ಲಿ ಇದರ ಸಮಕ್ಕೆ ಬೇರೆ ಬೆಟ್ಟ ಇಲ್ಲದ್ದರಿಂದ ದೂರ ದೂರದವರೆಗೆ ಕಣ್ಣಿಗೆ ಅಡ್ಡ ಇಲ್ಲ. ರೇಡಿಯೋಗೂ ಅಷ್ಟೇ. ಮೌಂಟ್ ಡಯಾಬ್ಲೊ ಅಮೆಚೂರ್ ರೇಡಿಯೋ ಕ್ಲಬ್ಬಿನವರು ಈ ಬೆಟ್ಟದ ಮೇಲೆ ರಿಪೀಟರು ಇಟ್ಟಿದ್ದಾರೆ. ಅದರ ಕರೆಸಂಕೇತ, ಅಂದರೆ ರೇಡಿಯೋದಲ್ಲಿ ಗುರುತಿಗೆ ಹೇಳುವ ಹೆಸರು, ಡಬ್ಲ್ಯು6ಸಿಎಕ್ಸ್. ಹ್ಯಾಮ್ ಅಂದರೆ ಹವ್ಯಾಸಕ್ಕಾಗಿ ರೇಡಿಯೋದಲ್ಲಿ ಮಾತಾಡುವವರು. ಲೈಸೆನ್ಸ್ ಇರುವ ಯಾವ ಹ್ಯಾಮ್ ಬೇಕಾದರೂ ಬಳಸಬಹುದು. ಕ್ಲಬ್ಬಿನ ಸದಸ್ಯರೇ ಆಗಿರಬೇಕು ಅಂತೇನಿಲ್ಲ.

ಅದು ಮಾಡುವ ಕೆಲಸ ಇಷ್ಟೇ. ನಾವು 147.660 ಮೆಗಾಹರ್ಟ್ಸ್‌ನಲ್ಲಿ ಹೇಳಿದ್ದನ್ನು ಕೇಳಿಸಿಕೊಳ್ಳುತ್ತದೆ. ಅದೇ ಕ್ಷಣದಲ್ಲಿ 147.060ರಲ್ಲಿ ಗಟ್ಟಿಯಾಗಿ ಹೇಳುತ್ತದೆ. ನನ್ನ ಐದು ವ್ಯಾಟಿನ ದನಿ ಬೆಟ್ಟದ ತುದಿ ಮುಟ್ಟಿದರೆ ಸಾಕು, ಅಲ್ಲಿಂದ ಮುಂದಿನ ಜವಾಬ್ದಾರಿ ಅದರದ್ದು. ಅಷ್ಟು ಎತ್ತರದಿಂದ ಸಪಾಟು ನೆಲದ ಮೇಲೆ ಈ ತರಂಗಗಳಿಗೆ ಸುಮಾರು 140 ಕಿಲೋಮೀಟರ್ ದೂರದವರೆಗೆ ದಾರಿ ಸಿಗುತ್ತದೆ ಅನ್ನುತ್ತದೆ ಲೆಕ್ಕ. ಸೆಂಟ್ರಲ್ ವ್ಯಾಲಿಯ ಕಡೆ ನೆಲ ನಿಜವಾಗಿಯೂ ಸಪಾಟು. ಹಾಗಾಗಿ ಆ ಕಡೆಯವರ ದನಿ ಪಕ್ಕದ ಮನೆಯಿಂದ ಬಂದ ಹಾಗೆ ಕೇಳುತ್ತದೆ. ಹೇಳುವುದಕ್ಕೂ ಕೇಳುವುದಕ್ಕೂ ನಡುವೆ ಬರೀ 600 ಕಿಲೋಹರ್ಟ್ಸ್ ಅಂತರ. ಕಿವಿಯ ಪಕ್ಕದಲ್ಲೇ ನಗಾರಿ ಬಾರಿಸುತ್ತಾ ಹತ್ತು ಊರಾಚೆಯ ಪಿಸುಮಾತು ಕೇಳಿಸಿಕೊಳ್ಳುವ ಕೆಲಸ ಅದು. ಇದನ್ನು ಸಾಧಿಸೋಕೆ ರಿಪೀಟರಿನವರು ಡುಪ್ಲೆಕ್ಸರ್ ಅಂತ ಉದ್ದುದ್ದ ಲೋಹದ ಡಬ್ಬಿಗಳನ್ನು ಜೋಡಿಸಿ, ಕೂದಲೆಳೆಯಷ್ಟು ಆಚೀಚೆ ಆಗದ ಹಾಗೆ ಟ್ಯೂನ್ ಮಾಡಿರುತ್ತಾರೆ. ಬಳಸುವ ನಮಗೆ ಇದ್ಯಾವುದೂ ಕಾಣಿಸೋದಿಲ್ಲ, ಅಲ್ವಾ? ಗುಂಡಿ ಒತ್ತುತ್ತೇವೆ, ಮಾತಾಡುತ್ತೇವೆ.

ಈಗ ರೇಡಿಯೋ ಸೆಟ್ ಮಾಡುವ ಮಾತು. ಹೊಸಬರು ಸೋಲುವುದು ಇಲ್ಲೇ. ಹೆಚ್ಚಿನವರ ಹತ್ತಿರ ಇರುವುದು ಬಾಓಫೆಂಗ್ ಯುವಿ-5ಆರ್. ಅಗ್ಗದ ಚೀನೀ ಸೆಟ್. ಅದರಲ್ಲಿ 147.060 ಒತ್ತಿದ ತಕ್ಷಣ ಎಲ್ಲರ ಮಾತೂ ಕೇಳುತ್ತದೆ. ಖುಷಿಯಾಗಿ ಗುಂಡಿ ಒತ್ತಿ ಮಾತಾಡಿದರೆ ಯಾರೂ ಉತ್ತರ ಕೊಡೋದಿಲ್ಲ. ಮೂರು ಕೆಲಸ ಬಾಕಿ ಇರುತ್ತವೆ. ಮೆನು 25ಕ್ಕೆ ಹೋಗಿ ಶಿಫ್ಟನ್ನು ಪ್ಲಸ್ ಮಾಡಬೇಕು, ಅಂದರೆ ನಾವು ಹೇಳುವುದು ಕೇಳುವುದಕ್ಕಿಂತ ಮೇಲಿನ ಮೆಗಾಹರ್ಟ್ಸ್‌ನಲ್ಲಿ. ಆ 600 ಕಿಲೋಹರ್ಟ್ಸ್ ಅಂತರಕ್ಕೆ ಮೆನು 26ರಲ್ಲಿ ಆಫ್‌ಸೆಟ್ 00.600 ಇರಬೇಕು. ಮೆನು 13ರಲ್ಲಿ ಟೋನ್ 100.0 ಹರ್ಟ್ಸ್ ಇಡಬೇಕು. ಈ ಟೋನನ್ನು ಇಲ್ಲಿನವರು ಪಿಎಲ್ ಅನ್ನುತ್ತಾರೆ. ನಮ್ಮ ಮಾತಿನ ಅಡಿಯಲ್ಲಿ ಸಣ್ಣಗೆ ಗುಂಯ್ ಅನ್ನುವ ದನಿ ಅದು, ಕೇಳುವವರ ಕಿವಿಗೆ ಬೀಳೋದಿಲ್ಲ. ಟೋನ್ ಇಲ್ಲದ ಸಿಗ್ನಲನ್ನು ರಿಪೀಟರು ತಿರುಗಿಯೂ ನೋಡೋದಿಲ್ಲ. ಗದ್ದಲವನ್ನೆಲ್ಲ ಒಳಗೆ ಬಿಟ್ಟುಕೊಳ್ಳಬಾರದು ಅಂತ ಇಟ್ಟಿರುವ ಬೀಗ. ಈ ಮೂರನ್ನೂ ಹಾಕಿ ಮೆನು 27ರಲ್ಲಿ ಮೆಮೊರಿಗೆ ಸೇರಿಸಿಬಿಟ್ಟರೆ ಮತ್ತೆ ಆ ಕಡೆ ಹೋಗಬೇಕಿಲ್ಲ. ಕಂಪ್ಯೂಟರಿಗೆ ಕೇಬಲ್ ಹಾಕಿ ಚಿರ್ಪ್ ಅನ್ನುವ ಬಿಟ್ಟಿ ಸಾಫ್ಟ್‌ವೇರಿನಲ್ಲಿ ತುಂಬಿಸಿದರೆ ಇನ್ನೂ ಸಲೀಸು.

ಇಷ್ಟಾದ ಮೇಲೂ ನಮ್ಮ ಮನೆಯಲ್ಲಿ ಕತೆ ಬೇರೆ. ನಾವಿರುವುದು ಸ್ಯಾನ್ ರಮೋನಿನ ಡೊಹರ್ಟಿ ವ್ಯಾಲಿ. ಬೆಟ್ಟ ಇಲ್ಲೇ ಪಕ್ಕದಲ್ಲಿದೆ ಅನ್ನಬೇಕು. ಮಹಡಿಯ ರೂಮಿನ ಕಿಟಕಿಯಿಂದ ಡಯಾಬ್ಲೊ ಕಾಣುತ್ತದೆ. ಅಲ್ಲಿ ನಿಂತು ಮಾತಾಡಿದರೆ "ಫುಲ್ ಕ್ವೈಟಿಂಗ್" ಅನ್ನುತ್ತಾರೆ, ಅಂದರೆ ಹಿಂದೆ ಚೂರೂ ಕರಕರ ಇಲ್ಲ. ಅದೇ ರೇಡಿಯೋ ಹಿಡಿದು ಅಡುಗೆಮನೆಗೆ ಬಂದರೆ ಮಾತು ಚೂರುಚೂರು. ಕೆಲವೊಮ್ಮೆ ಪೂರ್ತಿ ಮಾಯ. ರಿಪೀಟರಿನ ದನಿ ಮಾತ್ರ ನನಗೆ ಅಡುಗೆಮನೆಯಲ್ಲೂ ಚೆನ್ನಾಗಿ ಕೇಳುತ್ತಿರುತ್ತದೆ. ಹೀಗೆ ಗಟ್ಟಿಯಾಗಿ ಹೇಳಿ ನಮ್ಮ ಮಾತು ಕೇಳಿಸಿಕೊಳ್ಳದ ರಿಪೀಟರಿಗೆ ಹ್ಯಾಮ್‌ಗಳು ಅಲಿಗೇಟರ್ ಅಂತ ಅಡ್ಡಹೆಸರು ಇಟ್ಟಿದ್ದಾರೆ. ಬಾಯಿ ದೊಡ್ಡದು, ಕಿವಿ ಇಲ್ಲ. ಆದರೆ ಡಬ್ಲ್ಯು6ಸಿಎಕ್ಸ್ ಅಲಿಗೇಟರ್ ಅಲ್ಲ. ಅದರ ಕಿವಿ ಚುರುಕಾಗಿದೆ. ಅಡ್ಡ ಬರುತ್ತಿರುವುದು ನಮ್ಮ ಗೋಡೆ.

ಕ್ಯಾಲಿಫೋರ್ನಿಯಾದ ಮನೆಗಳ ಹೊರಗೋಡೆ ನೋಡಿದ್ದೀರಲ್ಲ, ಸ್ಟಕ್ಕೋ ಅಂತಾರೆ. ಸಿಮೆಂಟು ಹಿಡಿದು ನಿಲ್ಲಲಿ ಅಂತ ಅದರೊಳಗೆ ಕೋಳಿಗೂಡಿನ ಜಾಲರಿಯಂಥ ತಂತಿ ಬಲೆ ಹಾಕಿರುತ್ತಾರೆ. ಮನೆ ತುಂಬ ಲೋಹದ ಬಲೆ ಹೊದಿಸಿಕೊಂಡು ಒಳಗೆ ಕೂತು ರೇಡಿಯೋ ಹಿಡಿಯಲ್ಲ ಅಂದರೆ ಹೇಗೆ? ಕಿಟಕಿ ಹತ್ತಿರ ಹೋಗಿ. ಬೆಟ್ಟದ ಕಡೆಯ ಕಿಟಕಿಗೆ. ಎರಡನೆಯದು, ಸೆಟ್ಟಿನ ಜೊತೆ ಬರುವ ರಬ್ಬರ್ ಡಕ್ ಆಂಟೆನಾ. ಅದು ಜೇಬಿಗೆ ಅನುಕೂಲವೇ ಹೊರತು ಮಾತಿಗಲ್ಲ. ಎರಡು ಮೀಟರ್ ಬ್ಯಾಂಡಿಗೆ, ಅಂದರೆ ನಾವಿಲ್ಲಿ ಬಳಸುವ ಸುಮಾರು ಎರಡು ಮೀಟರ್ ಉದ್ದದ ತರಂಗಗಳಿಗೆ, ಕಾಲು ತರಂಗದ ಆಂಟೆನಾ ಅಂದರೆ ಅರ್ಧ ಮೀಟರ್ ಉದ್ದ ಬೇಕು, ಇವರು ಗೇಣುದ್ದದಲ್ಲಿ ಸುತ್ತಿ ಮುಗಿಸಿರುತ್ತಾರೆ. ಉದ್ದನೆಯ ಕಡ್ಡಿ ಆಂಟೆನಾ, ವಿಪ್, ಹಾಕಿಕೊಂಡರೆ ತಕ್ಷಣ ವ್ಯತ್ಯಾಸ ಗೊತ್ತಾಗುತ್ತದೆ. ನಾನು ಕೊನೆಗೆ ಮಾಡಿದ್ದು ರೋಲ್-ಅಪ್ ಜೆ-ಪೋಲ್. ಹಿಂದೆ ದೂರದರ್ಶನ ನೋಡೋಕೆ ಸೂರಿನ ಆಂಟೆನಾದಿಂದ ಟಿವಿಯವರೆಗೆ ಚಪ್ಪಟೆ ವೈರ್ ಎಳೆಯುತ್ತಿದ್ದೆವಲ್ಲ, 300 ಓಮ್‌ನದ್ದು, ಅದೇ ವೈರಿನಿಂದ ಮಾಡುವ ಆಂಟೆನಾ ಇದು. ಸುಮಾರು ಒಂದೂವರೆ ಮೀಟರ್ ಉದ್ದ. ಕರ್ಟನ್ ಕಂಬಿಗೆ ತೂಗುಹಾಕಿದ್ದೇನೆ. ಮನೆಗೆ ಬಂದವರು ಬಟ್ಟೆ ಒಣಹಾಕುವ ದಾರ ಅಂದುಕೊಂಡು ಸುಮ್ಮನಾಗುತ್ತಾರೆ. ಹೋಮ್‌ಓನರ್ಸ್ ಅಸೋಸಿಯೇಶನ್ನಿನವರ ಆಕ್ಷೇಪದ ಕಾಗದವೂ ಬರೋದಿಲ್ಲ.

ಕಾರಿನಲ್ಲಿ ಹೋಗುವಾಗಿನ ಅನುಭವ ಬೇರೆ ರುಚಿ. 680 ಹೆದ್ದಾರಿಯಲ್ಲಿ ವಾಲ್ನಟ್ ಕ್ರೀಕ್ ಕಡೆ ಹೋದರೆ ಬೆಟ್ಟ ಜೊತೆಯಲ್ಲೇ ಬರುತ್ತದೆ, ತೊಂದರೆಯೇ ಇಲ್ಲ. ಲಿವರ್‌ಮೋರಿನ ಶಿವ-ವಿಷ್ಣು ದೇವಸ್ಥಾನದ ಪಾರ್ಕಿಂಗ್‌ನಲ್ಲಿ ಕೂತು ಮಾತಾಡಿದ್ದೇನೆ, ಚೆನ್ನಾಗಿ ಬರುತ್ತದೆ. ಒರಿಂಡಾ, ಮೊರಾಗದ ಕಣಿವೆಗಳಿಗೆ ಇಳಿದರೆ ದನಿ ಉಯ್ಯಾಲೆ ಆಡಲು ಶುರು. ಬೇಲಿಯ ಸಂದಿನಿಂದ ಕೇಳಿದ ಹಾಗೆ ಟಕಟಕ ಕಡಿದು ಕಡಿದು ಬರುತ್ತದೆ. ಪಿಕೆಟ್ ಫೆನ್ಸಿಂಗ್ ಅನ್ನೋದು ಇದಕ್ಕೇ. ನೈಲ್ಸ್ ಕ್ಯಾನ್ಯನ್ನಿನೊಳಗೆ ಹೋದರೆ ಆಸೆ ಬಿಟ್ಟುಬಿಡಿ, ಗುಡ್ಡಗಳು ಎರಡೂ ಕಡೆಯಿಂದ ಅಮುಕುತ್ತವೆ. ಮಿಷನ್ ಪೀಕಿನ ಆಚೆ ಫ್ರೀಮಾಂಟಿನ ಕೆಲವು ಬೀದಿಗಳೂ ಹೀಗೇ. ಅಲ್ಲಿರುವವರು ದಕ್ಷಿಣದ ರಿಪೀಟರುಗಳನ್ನು ಹಿಡಿಯುವುದೇ ವಾಸಿ. ಡಯಾಬ್ಲೊನೇ ಬೇಕು ಅಂತ ಹಟ ಮಾಡಬೇಡಿ.

ಇನ್ನು ಜನ. ರಿಪೀಟರು ಎಷ್ಟೇ ಚೆನ್ನಾಗಿರಲಿ, ಅದರ ಮೇಲಿರುವವರು ಹೇಗಿದ್ದಾರೆ ಅನ್ನೋದೇ ನನಗೆ ಮುಖ್ಯವಾಗಿತ್ತು. ಹೆಂಗಸರ ದನಿ ಈ ಹವ್ಯಾಸದಲ್ಲಿ ಕಡಿಮೆ. ಅದರ ಮೇಲೆ ನಮ್ಮ ಉಚ್ಚಾರಣೆ. ಬೇರೊಂದು ರಿಪೀಟರಿನಲ್ಲಿ, ಹೆಸರು ಬೇಡ, ನನ್ನ ಕರೆಸಂಕೇತವನ್ನು ಒಬ್ಬರು ಬೇಕಂತಲೇ ಮತ್ತೆ ಮತ್ತೆ ಕೇಳಿದ್ದರು. ಇಲ್ಲಿ ಹಾಗಾಗಲಿಲ್ಲ. ಮೊದಲ ಸಲ ಕ್ಲಬ್ಬಿನ ವಾರದ ನೆಟ್ಟಿಗೆ, ಅಂದರೆ ರೇಡಿಯೋದಲ್ಲೇ ಎಲ್ಲರೂ ಕೂಡುವ ಸಭೆಗೆ, ಸೇರಿದಾಗ ಅದನ್ನು ನಡೆಸುವ ನೆಟ್ ಕಂಟ್ರೋಲ್‌ನಲ್ಲಿದ್ದವರು ನನ್ನ ಹೆಸರನ್ನು ಸರಿಯಾಗಿ ಹೇಳಲು ಎರಡು ಸಲ ಪ್ರಯತ್ನಪಟ್ಟು, ಮೂರನೆಯ ಸಲ ಸರಿಯಾಗಿ ಹೇಳಿ, ಬರೆದಿಟ್ಟುಕೊಂಡರು. ಮುಂದಿನ ವಾರ ತಪ್ಪಲಿಲ್ಲ. ಇಷ್ಟು ಸಾಕು ನನಗೆ.

ನೆಟ್ ಅಂದರೆ ಗಾಬರಿ ಬೇಡ. ಒಬ್ಬರು ಮೇಷ್ಟ್ರ ಹಾಗೆ ಹಾಜರಿ ಹಾಕಿಕೊಳ್ಳುತ್ತಾರೆ. ಕರೆದಾಗ ಗುಂಡಿ ಒತ್ತಿ, ಒಂದು ಕ್ಷಣ ಸುಮ್ನೆ ಇರಿ. ಒತ್ತಿದ ಕೂಡಲೇ ಮಾತು ಶುರು ಮಾಡಿದರೆ ಮೊದಲ ಅಕ್ಷರ ಕತ್ತರಿಸಿ ಹೋಗುತ್ತದೆ. ಆಮೇಲೆ ಕರೆಸಂಕೇತವನ್ನು ಆಲ್ಫಾ, ಬ್ರಾವೊ, ಚಾರ್ಲಿ ಅಂತ ಬಿಡಿಸಿ ಹೇಳಿ, ಹೆಸರು, ಊರು ಹೇಳಿ. ಮುಗೀತು. ಇಬ್ಬರು ಒಟ್ಟಿಗೆ ಗುಂಡಿ ಒತ್ತಿದರೆ ಕಿರ್‍ರ್ ಅಂತ ಕರ್ಕಶ ದನಿ ಬರುತ್ತದೆ, ಇಬ್ಬರದ್ದೂ ಅರ್ಥವಾಗೋದಿಲ್ಲ. ಅದಕ್ಕೇ ಒಬ್ಬರು ಮುಗಿಸಿದ ಮೇಲೆ ಸ್ವಲ್ಪ ಜಾಗ ಬಿಟ್ಟು ಮಾತಾಡುವ ರೂಢಿ. ಆ ಸಂದಿನಲ್ಲಿ ತುರ್ತು ಇರುವವರು ನುಗ್ಗಬಹುದು. ನಮ್ಮಲ್ಲಿ ನಾಲ್ಕು ಜನ ಸೇರಿದರೆ ನಾಲ್ವರೂ ಒಟ್ಟಿಗೆ ಮಾತಾಡುತ್ತೇವೆ. ನನಗೆ ಈ ಅಭ್ಯಾಸ ಬರಲು ಸಮಯ ಹಿಡಿಯಿತು. ತುಂಬ ಹೊತ್ತು ಒಂದೇ ಸಮನೆ ಕೊರೆಯುವ ಹಾಗೂ ಇಲ್ಲ. ರಿಪೀಟರುಗಳಲ್ಲಿ ಟೈಮರ್ ಇರುತ್ತದೆ, ಮಿತಿ ಮೀರಿದರೆ ಬಾಯಿ ಮುಚ್ಚಿಸುತ್ತದೆ. ಇದೊಂದು ವ್ಯವಸ್ಥೆ ನಮ್ಮ ಕನ್ನಡ ಕೂಟದ ಸಭೆಗಳಿಗೂ ಬಂದರೆ ಎಷ್ಟು ಚೆನ್ನ ಅನ್ನಿಸಿದ್ದುಂಟು. ಮಾತಾಡದೆ ಸುಮ್ಮನೆ ಗುಂಡಿ ಒತ್ತಿ ಬಿಡುವುದಕ್ಕೆ ಕರ್‌ಚಂಕ್ ಅನ್ನುತ್ತಾರೆ. ಅದು ನಿಯಮಕ್ಕೂ ವಿರುದ್ಧ, ಮರ್ಯಾದೆಯೂ ಅಲ್ಲ. ಸಿಗ್ನಲ್ ಮುಟ್ಟುತ್ತಿದೆಯಾ ನೋಡಬೇಕಾದರೆ ಕರೆಸಂಕೇತ ಹೇಳಿ, "ಟೆಸ್ಟಿಂಗ್" ಅನ್ನಿ.

ಮಾತಿನ ವಿಷಯ? ನಿಜ ಹೇಳಬೇಕೆಂದರೆ ಸ್ವಲ್ಪ ನೀರಸ. ಆಂಟೆನಾ, ಟ್ರಾಫಿಕ್, ಹವೆ, ಮೊಣಕಾಲು ಆಪರೇಶನ್. ನಡುಮಧ್ಯಾಹ್ನ ಅದೂ ಇಲ್ಲ. ಆದರೆ ನೆಲ ನಡುಗಿದ ಕ್ಷಣ ನೋಡಬೇಕು. ಸ್ಯಾನ್ ರಮೋನಿನಲ್ಲಿ ಸಣ್ಣ ಭೂಕಂಪಗಳು ಹಿಂಡುಹಿಂಡಾಗಿ ಬರುತ್ತವೆ. 2015ರ ಅಕ್ಟೋಬರಿನಲ್ಲಿ ವಾರಗಟ್ಟಲೆ ಬಂದಿದ್ದವು. ಕಪಾಟಿನ ಪಾತ್ರೆ ಗಲಗಲ ಅನ್ನೋದು ನಿಲ್ಲುವ ಮೊದಲೇ ರೇಡಿಯೋದಲ್ಲಿ ಯಾರೋ "ನಿಮಗೂ ಗೊತ್ತಾಯ್ತಾ?" ಅಂತ ಕೇಳುತ್ತಾರೆ. ಡ್ಯಾನ್‌ವಿಲ್‌ನಲ್ಲಿ ಜೋರು, ಕಾಂಕರ್ಡಿನಲ್ಲಿ ಅಷ್ಟೇನಿಲ್ಲ ಅಂತ ಉತ್ತರ ಬರತೊಡಗುತ್ತವೆ. ಎಲ್ಲಿ ಏನಾಯಿತು ಅಂತ ಕೇಳುತ್ತಾ ಕೇಳುತ್ತಾ ತಲೆಯಲ್ಲಿ ಒಂದು ನಕ್ಷೆ ಮೂಡುತ್ತದೆ.

ನಾನು ಈ ಕಡೆ ಬಂದದ್ದೂ ಇಂಥದ್ದೇ ಕಾರಣಕ್ಕೆ. 2019ರ ಅಕ್ಟೋಬರಿನಲ್ಲಿ ಗಾಳಿಗೆ ತಂತಿ ಬಿದ್ದು ಕಾಡಿಗೆ ಬೆಂಕಿ ಹತ್ತೀತು ಅಂತ ಬೇ ಏರಿಯಾದ ಎಷ್ಟೋ ಕಡೆ ದಿನಗಟ್ಟಲೆ ಕರೆಂಟ್ ತೆಗೆದರಲ್ಲ, ಆಗ ಮರೀನ್ ಕೌಂಟಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಮೊಬೈಲ್ ಟವರುಗಳು ಬಂದ್ ಆಗಿದ್ದವು. ಕರೆಂಟ್ ಹೋದರೆ ಫೋನೂ ಹೋಗುತ್ತದೆ ಅನ್ನೋದನ್ನು ಮಲೆನಾಡಿನವಳಾದ ನಾನು ಅಮೆರಿಕಕ್ಕೆ ಬಂದು ಮರೆತೇಬಿಟ್ಟಿದ್ದೆ. ಹಾಗಂತ ರಿಪೀಟರೊಂದನ್ನೇ ನಂಬಿ ಕೂರಬೇಡಿ. ಅದೂ ಬೆಟ್ಟದ ಮೇಲಿನ ಒಂದು ಯಂತ್ರವೇ. 2013ರ ಸೆಪ್ಟೆಂಬರಿನಲ್ಲಿ ಮಾರ್ಗನ್ ಫೈರ್ ಇದೇ ಡಯಾಬ್ಲೊದ ಮೇಲೆ ಮೂರು ಸಾವಿರಕ್ಕೂ ಹೆಚ್ಚು ಎಕರೆ ಸುಟ್ಟಿತ್ತು. ಬೀದಿಯಲ್ಲಿ ಇನ್ನೊಬ್ಬ ಹ್ಯಾಮ್ ಇದ್ದರೆ 146.520ರಲ್ಲಿ ನೇರವಾಗಿ, ರಿಪೀಟರಿನ ಹಂಗಿಲ್ಲದೆ ಮಾತಾಡಿ ಅಭ್ಯಾಸ ಮಾಡಿಟ್ಟುಕೊಳ್ಳಿ.

ಎಲ್ಲರೂ ಕೇಳುವ ಪ್ರಶ್ನೆ: ಕನ್ನಡದಲ್ಲಿ ಮಾತಾಡಬಹುದಾ? ಧಾರಾಳವಾಗಿ. ಅಮೆರಿಕದ ನಿಯಮದಲ್ಲಿ ಭಾಷೆಗೆ ಅಡ್ಡಿ ಇಲ್ಲ. ಕರೆಸಂಕೇತವನ್ನು ಮಾತ್ರ ಇಂಗ್ಲಿಷಿನಲ್ಲಿ ಹೇಳಬೇಕು. ಹತ್ತು ನಿಮಿಷಕ್ಕೊಮ್ಮೆ, ಮತ್ತೆ ಮಾತು ಮುಗಿಸುವಾಗ. ಮೌಂಟನ್ ಹೌಸಿನಲ್ಲಿರುವ ಗೆಳತಿ ಮತ್ತು ನಾನು ಆಗಾಗ ಮಾತಾಡುತ್ತೇವೆ. ನಡುವಿನ ಆಲ್ಟಮಾಂಟ್ ಗುಡ್ಡ ದಾಟುವಾಗ ಅವಳ ಫೋನ್ ಕೈಕೊಟ್ಟರೂ ಇದು ಕೈಕೊಡೋದಿಲ್ಲ. ಮೊದಲು ಇಂಗ್ಲಿಷಿನಲ್ಲಿ "ಎರಡು ನಿಮಿಷ ಕನ್ನಡದಲ್ಲಿ ಮಾತಾಡುತ್ತೇವೆ" ಅಂತ ಹೇಳಿ ಶುರು ಮಾಡುತ್ತೇವೆ. ಉಳಿದವರಿಗೂ ಕಿರಿಕಿರಿ ಇಲ್ಲ. ಬೇಸಿಗೆಯಲ್ಲಿ ಬಂದಿದ್ದ ನಮ್ಮಮ್ಮನೂ ನನ್ನ ಪಕ್ಕದಲ್ಲಿ ಕೂತು ಮೈಕ್ ಹಿಡಿದಿದ್ದರು. ಲೈಸೆನ್ಸ್ ಇದ್ದವರು ಜೊತೆಗಿದ್ದು ನೋಡಿಕೊಂಡರೆ ಅದಕ್ಕೂ ಅವಕಾಶ ಇದೆ. ಮಾತು ಮುಗಿಸಿ "ಇಡ್ಲಾ?" ಅಂತ ಕೇಳಿದರು, ಫೋನ್ ಅಂದುಕೊಂಡು.

ಮಾಡಬಾರದ್ದೂ ಇವೆ. ಹಾಡು ಹಾಕುವಂತಿಲ್ಲ, ಆದ್ದರಿಂದ ರಾಜ್ಯೋತ್ಸವದ ದಿನ ನಾಡಗೀತೆ ಬೇಡ. ಕ್ಯಾಟರಿಂಗ್ ನಡೆಸುವವರು ಹೋಳಿಗೆ ಆರ್ಡರ್ ತಗೊಳ್ಳುವಂತಿಲ್ಲ, ವ್ಯಾಪಾರ ನಿಷಿದ್ಧ. ಗುಟ್ಟಿನ ಕೋಡ್ ಬಳಸುವಂತಿಲ್ಲ. ಇನ್ನೊಂದನ್ನು ಹೆಂಗಸರಿಗೆ ಒತ್ತಿ ಹೇಳುತ್ತೇನೆ: ನಮ್ಮ ಕರೆಸಂಕೇತ ಹಾಕಿ ಹುಡುಕಿದರೆ ಲೈಸೆನ್ಸ್ ಕೊಡುವ ಸರ್ಕಾರಿ ಸಂಸ್ಥೆಯಾದ ಎಫ್‌ಸಿಸಿ ದಾಖಲೆಯಲ್ಲಿ ನಮ್ಮ ಹೆಸರು, ವಿಳಾಸ ಯಾರಿಗೆ ಬೇಕಾದರೂ ಸಿಗುತ್ತದೆ. ಅರ್ಜಿ ಹಾಕುವಾಗಲೇ ಪಿಒ ಬಾಕ್ಸ್ ವಿಳಾಸ ಕೊಡಿ. "ಮುಂದಿನ ವಾರದಿಂದ ಒಂದು ತಿಂಗಳು ಊರಿಗೆ ಹೋಗ್ತಿದ್ದೀವಿ" ಅಂತ ರಿಪೀಟರಿನಲ್ಲಿ ಸಾರುವುದು ಜಾಣತನವಲ್ಲ. ಸ್ಕ್ಯಾನರ್, ಅಂದರೆ ಬರೀ ಕೇಳುವ ರೇಡಿಯೋ, ಇಟ್ಟುಕೊಂಡವರೆಲ್ಲ ಕೇಳುತ್ತಿರುತ್ತಾರೆ. ಈ ವಿಷಯವನ್ನು ಹೊಸಬರಿಗೆ ಯಾರೂ ಸಾಕಷ್ಟು ಗಟ್ಟಿಯಾಗಿ ಹೇಳೋದಿಲ್ಲ ಅನ್ನೋದು ಈ ಇಡೀ ಹವ್ಯಾಸದ ಮೇಲೆ ನನ್ನ ದೂರು.

ಖರ್ಚು ಅಂದರೆ ಲೈಸೆನ್ಸಿನದು. ಟೆಕ್ನೀಶಿಯನ್ ಅನ್ನುವ ಮೊದಲ ಹಂತದ ಪರೀಕ್ಷೆಯಲ್ಲಿ 35 ಪ್ರಶ್ನೆ, 26 ಸರಿಯಾದರೆ ಪಾಸು. ಪ್ರಶ್ನೆಗಳೆಲ್ಲ ಮೊದಲೇ ಬಹಿರಂಗ, ಬಾಯಿಪಾಠ ಮಾಡಿ ಬೆಳೆದ ನಮಗೆ ಹೇಳಿ ಮಾಡಿಸಿದ್ದು. ಕಟ್ಟಕಡ ಮೋರ್ಸ್ ಕೋಡ್ ಬೇಕಿಲ್ಲ, 2007ರಲ್ಲೇ ತೆಗೆದರು. ಎಫ್‌ಸಿಸಿಗೆ 35 ಡಾಲರ್, ಹತ್ತು ವರ್ಷಕ್ಕೆ. ಪರೀಕ್ಷೆ ನಡೆಸುವವರು ಸಣ್ಣ ಮೊತ್ತ ತೆಗೆದುಕೊಳ್ಳಬಹುದು. ರಿಪೀಟರಿಗೆ ಕೊಡಬೇಕಾದ್ದು ಸೊನ್ನೆ. ಆದರೂ ದಿನವೂ ಬಳಸುವವರು ಕ್ಲಬ್ಬಿನ ಸದಸ್ಯರಾಗುವುದು ಮರ್ಯಾದೆ. ಬೆಟ್ಟದ ಮೇಲಿನ ಯಂತ್ರ ತಾನಾಗಿಯೇ ನಡೆಯೋದಿಲ್ಲ. ಇದೇ ಕ್ಲಬ್ಬಿನವರು ಅಕ್ಟೋಬರಿನಲ್ಲಿ ಸ್ಯಾನ್ ರಮೋನಿನಲ್ಲಿ ಪ್ಯಾಸಿಫಿಕಾನ್ ಅನ್ನುವ ಹ್ಯಾಮ್ ಸಮ್ಮೇಳನವನ್ನೂ ನಡೆಸುತ್ತಾರೆ. ಹಳೆ ರೇಡಿಯೋ, ಕೇಬಲ್ಲು, ಆಂಟೆನಾ ಅಗ್ಗಕ್ಕೆ ಬೇಕಾದರೆ ಅಲ್ಲಿನ ಸ್ವಾಪ್ ಮೀಟಿಗೆ ಬೆಳಿಗ್ಗೆ ಬೇಗ ಹೋಗಿ.

ಊರಿಗೆ ಹೋಗುವಾಗ ಈ ರೇಡಿಯೋ ತಗೊಂಡು ಹೋಗಲಾ ಅಂತ ಕೇಳುವವರಿಗೆ: ಬೇಡ. ಅಲ್ಲಿ ಅನುಮತಿ ಬೇರೆ, ಲೈಸೆನ್ಸ್ ಬೇರೆ. ಭಾರತದಲ್ಲಿ ಎರಡು ಮೀಟರ್ ಬ್ಯಾಂಡ್ 144ರಿಂದ 146 ಮೆಗಾಹರ್ಟ್ಸ್‌ಗೆ ಮುಗಿಯುತ್ತದೆ, ಇಲ್ಲಿ 148ರವರೆಗೆ ಇದೆ. ಅಂದರೆ ಡಯಾಬ್ಲೊದ 147.060 ಅಲ್ಲಿ ಹ್ಯಾಮ್‌ಗಳ ಜಾಗವೇ ಅಲ್ಲ. ಹಾಗಂತ ನಮ್ಮವರು ಹಿಂದೆ ಬಿದ್ದಿಲ್ಲ ಬಿಡಿ. ಇಸ್ರೋದವರು 2005ರ ಮೇ 5ರಂದು ಹ್ಯಾಮ್‌ಗಳಿಗೆಂದೇ ಹ್ಯಾಮ್‌ಸ್ಯಾಟ್ ಉಪಗ್ರಹ ಹಾರಿಸಿದ್ದರು. ಇಲ್ಲಿನ ಹಳಬರೊಬ್ಬರು ಅದರ ಮೂಲಕ ಮಾತಾಡಿದ್ದನ್ನು ನೆಟ್ ಮುಗಿದ ಮೇಲೆ ನನಗೆ ಹೇಳಿದ್ದರು. 2014ರವರೆಗೂ ಅದು ಕೆಲಸ ಮಾಡಿತು.

ಲೈಸೆನ್ಸಿಗೆ ಮೊದಲು ಹೇಗಿದೆ ಅಂತ ನೋಡುವ ಆಸೆ ಇದ್ದವರು ಬರೀ ಕೇಳಬಹುದು. ಕೇಳೋದಕ್ಕೆ ಲೈಸೆನ್ಸ್ ಬೇಡ. 147.060 ಹಾಕಿ, ಬೆಟ್ಟದ ಕಡೆಯ ಕಿಟಕಿ ಹತ್ತಿರ ಕೂತು, ಕ್ಲಬ್ಬಿನ ನೆಟ್ ನಡೆಯುವ ಸಂಜೆ ಕೇಳಿ. ಗುಂಡಿ ಮಾತ್ರ ಒತ್ತಬೇಡಿ. ಮಕ್ಕಳಿರುವ ಮನೆಯಲ್ಲಿ ಸೆಟ್ಟಿನ ಕೀಪ್ಯಾಡ್ ಲಾಕ್ ಮಾಡಿದರೂ ಮಾತಾಡುವ ಗುಂಡಿ ಲಾಕ್ ಆಗೋದಿಲ್ಲ. ಎತ್ತರದಲ್ಲಿ ಇಡಿ.